ಗಿಡ್ಡ ಕೋವಿ ಹೊತ್ತವಳ ಪಾಲು

ನನಗೆ ಮೂರನೇ ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಕುವೈತಿನ ಫಿಂಟಾಸ್‌ನ ಈ ಮನೆಗೆ ಬಂದಳು. ಬಂದವಳೇ ಅವರಪ್ಪನ ಅಂಗಿ ಒದ್ದೆ ಮಾಡಿದಳು. ಸಂತೋಷಕ್ಕೆ ನನ್ನ ಕೈಕಾಲು ನಿಲ್ಲುತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು ನಾನು, ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಊರಿನಿಂದ ಅಳಿಯನ ತಾಯಿ ಫೋನು ಮಾಡಿದ್ದರು. "ಮೂರೂ ಹೆಣ್ಣೇ ಆಯ್ತಲ್ಲ ಬೀಗಿತ್ತಿ, ಏನ್ ಮಾಡದು" ಎಂದರು. ನಾನು, "ಏನೂ ಮಾಡದು ಬೇಡ, ಪಾಯಸ ಮಾಡಿ ಉಣ್ಣಿ" ಎಂದೆ. ಹೆಣ್ಣಾದರೆ ಏನು ಕಮ್ಮಿ ಎಂದು ನನ್ನನ್ನು ಕೇಳಬೇಕು. ನಾನು ಹಂದಿ ಬೇಟೆಗೆ ಹೋದವಳು, ಅದೂ ಕೋವಿ ಹೊತ್ತುಕೊಂಡು.

ಆಗ ನನಗೆ ಹತ್ತು ವರ್ಷ. ಶನಿವಾರಸಂತೆ ಕಡೆಯ ನಮ್ಮೂರಲ್ಲಿ ಭತ್ತ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಗದ್ದೆಗೆ ನುಗ್ಗುತ್ತಿದ್ದವು. ತಿಂದದ್ದಕ್ಕಿಂತ ಹೊರಳಾಡಿ ಕೆಡಿಸಿದ್ದೇ ಜಾಸ್ತಿ. ಬೆಳಿಗ್ಗೆ ಹೋಗಿ ನೋಡಿದರೆ ಪೈರು ಚಾಪೆಯ ಹಾಗೆ ಮಲಗಿರುತ್ತಿತ್ತು. ಹಸಿ ಕೆಸರಿನ ಜೊತೆ ಹಂದಿಯ ಗಬ್ಬು ವಾಸನೆ. ಆಗ ಊರವರೆಲ್ಲ ಸೇರಿ ಬೇಟೆಗೆ ಹೊರಡುತ್ತಿದ್ದರು. ಅಂದಿನ ದಿನದಲ್ಲಿ ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ನಮ್ಮ ದೊಡ್ಡಪ್ಪ ಮಿಲಿಟರಿಯಿಂದ ಬಂದವರು. ಅವರ ಹತ್ತಿರ ಜೋಡುನಳಿಗೆ ಕೋವಿ ಅಲ್ಲದೆ ಲೈಸನ್ಸಿನ ಒಂದು ರಿವಾಲ್ವರೂ ಇತ್ತು. ಊರವರು ಅದನ್ನು ಗಿಡ್ಡ ಕೋವಿ ಎನ್ನುತ್ತಿದ್ದರು. ಗಾಯವಾದ ಹಂದಿ ಪೊದೆಯಿಂದ ಎದುರಿಗೇ ನುಗ್ಗಿದರೆ ಉದ್ದ ಕೋವಿಗೆ ಮತ್ತೆ ತೋಟಾ ತುಂಬಲು ಪುರಸೊತ್ತಿರುವುದಿಲ್ಲ, ಆಗ ಬೇಕು ಇದು. ದೊಡ್ಡಪ್ಪನಿಗೆ ಮೊಣಕಾಲು ನೋವು. ಗಿಡ್ಡ ಕೋವಿ, ನೀರು, ರೊಟ್ಟಿ ಇದ್ದ ಚೀಲವನ್ನು ಯಾವಾಗಲೂ ನಮ್ಮಣ್ಣ ಹೊರುತ್ತಿದ್ದ. ಆ ಸಲ ಅವನಿಗೆ ಜ್ವರ.

"ನಾನು ಹೊರ್ತೀನಿ ದೊಡ್ಡಪ್ಪ" ಎಂದೆ.

ಒಲೆ ಮುಂದಿದ್ದ ನಮ್ಮಜ್ಜಿ, "ಹೆಣ್ಣು ಹಿಂದೆ ಬಂದ್ರೆ ಹಂದಿಯಿರ್ಲಿ, ಇಲಿನೂ ಸಿಗಲ್ಲ" ಎಂದರು.

"ಸಿಗ್ದಿದ್ರೆ ನನ್ನ ಬೈಯವ್ವ, ಅವಳ್ನಲ್ಲ" ಎಂದು ದೊಡ್ಡಪ್ಪ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. ಎಷ್ಟು ಭಾರ ಅಂತೀರಿ. ನಡೆದಾಗಲೆಲ್ಲ ಸೊಂಟಕ್ಕೆ ಬಡಿಯುತ್ತಿತ್ತು. ಗನ್ನೆಣ್ಣೆಯ ವಾಸನೆಯೂ ರೊಟ್ಟಿಯ ವಾಸನೆಯೂ ಒಂದಾಗಿ ಮೂಗಿಗೆ ಹೊಡೆಯುತ್ತಿತ್ತು. "ಹಂದಿ ಬಂದ್ರೆ ಚೀಲ ಬಿಸಾಕಿ ಮರ ಹತ್ತು. ಕೋವಿ ಮಾತ್ರ ಮುಟ್ಬೇಡ" ಎಂದು ದಾರಿಯುದ್ದಕ್ಕೂ ಹೇಳಿದರು.

ಕಾಡಿನ ಆ ತುದಿಯಿಂದ ಜನ ನಾಯಿಗಳನ್ನು ಬಿಟ್ಟುಕೊಂಡು, ಡಬ್ಬ ಬಡಿಯುತ್ತಾ, ಕೂಗುತ್ತಾ ಹಂದಿಯನ್ನು ನಮ್ಮ ಕಡೆಗೆ ಓಡಿಸಿದರು. ಪಕ್ಕದವರು ಯಾರೋ ಹೊಡೆದ ಈಡು ಸರಿಯಾಗಿ ತಾಗಲಿಲ್ಲ. ಗಾಯಗೊಂಡ ಒಂಟಿ ಗಂಡುಹಂದಿ ಲಂಟಾನ ಪೊದೆ ಸೀಳಿಕೊಂಡು ನೇರ ನಮ್ಮ ಮೇಲೆ ಬಂತು. ದೊಡ್ಡಪ್ಪ ಎರಡೂ ನಳಿಗೆಯ ಈಡು ಹಾರಿಸಿದರು. ಅದು ನಿಲ್ಲಲಿಲ್ಲ. ಹಿಂದಕ್ಕೆ ಸರಿಯಲು ಹೋಗಿ ಮೊಣಕಾಲು ಕೈಕೊಟ್ಟು ಬಿದ್ದರು.

ಮರ ನನ್ನ ಬೆನ್ನ ಹಿಂದೆಯೇ ಇತ್ತು. ಹತ್ತಲಿಲ್ಲ. ಚೀಲದಿಂದ ಗಿಡ್ಡ ಕೋವಿ ಎಳೆದು ಓಡಿಹೋಗಿ ಅವರ ಕೈಗೆ ತುರುಕಿದೆ. ಮಲಗಿದ್ದಲ್ಲಿಂದಲೇ ಅವರು ಎರಡು ಗುಂಡು ಹೊಡೆದರು. ಹಂದಿ ಅವರ ಕಾಲ ಹತ್ತಿರ ಕುಸಿಯಿತು. ನನ್ನ ಕಿವಿಯಲ್ಲಿ ಸಂಜೆಯವರೆಗೂ ಗುಂಯ್ ಎನ್ನುತ್ತಿತ್ತು.

ಹುಲ್ಲಿನ ಬೆಂಕಿಯಲ್ಲಿ ಹಂದಿಯ ಕೂದಲು ಸುಟ್ಟು, ಹೆರೆದು, ಕೊಯ್ದರು. ಪಾಲು ಹಾಕುವುದು ಊರ ಹಿರಿಯ ಮಲ್ಲಪ್ಪಜ್ಜನ ಕೆಲಸ. ಬಂದ ಪ್ರತಿ ಆಳಿಗೆ ಒಂದು ಪಾಲು, ಪ್ರತಿ ಕೋವಿಗೆ ಒಂದು, ಪ್ರತಿ ನಾಯಿಗೂ ಒಂದು. ಬಾಳೆ ಎಲೆಗಳು ಸಾಲಾಗಿ ತುಂಬಿದವು. ನನ್ನ ಎಲೆ ಮಾತ್ರ ಇರಲಿಲ್ಲ. ಗುಂಡು ತೆಗೆದ ಖಾಲಿ ಕೋವಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಾನು ಅಲ್ಲೇ ಕೂತೆ.

"ಏಳಮ್ಮಿ, ಮನೆಗೆ ನಡಿ" ಎಂದ ಮಲ್ಲಪ್ಪಜ್ಜ.

"ನನ್ನ ಪಾಲು?"

"ಹೆಣ್ಮಕ್ಕಳಿಗೆ ಬೇಟೇಲಿ ಪಾಲಿಲ್ಲ ಕಣವ್ವ. ನಿನ್ನ ದೊಡ್ಡಪ್ಪಂದ್ರಲ್ಲಿ ಉಣ್ಣು."

"ಆ ಕರಿನಾಯಿ ಹಂದಿ ನೋಡಿ ಬಾಲ ಮುದುರ್ಕೊಂಡು ಓಡೋಯ್ತು. ಅದಕ್ಯಾಕೆ ಹಾಕಿದ್ರಿ?"

ಎಲ್ಲರೂ ನಕ್ಕರು. ಒಬ್ಬ, "ನಾಯಿ ಬೊಗಳ್ತದೆ ಕಣಮ್ಮಿ, ನೀನು ಬೊಗಳ್ತೀಯಾ?" ಎಂದ.

"ಆಗ್ಲಿಂದ ಅದೇ ಮಾಡ್ತಿದೀನಲ್ಲ" ಎಂದೆ.

ಮಲ್ಲಪ್ಪಜ್ಜ ತಲೆ ಕೆರೆದುಕೊಂಡು, "ಹೋಗ್ಲಿ, ಗಿಡ್ಡ ಕೋವಿ ಹೆಸ್ರಲ್ಲೂ ಒಂದು ಪಾಲು ಹಾಕ್ತೀನಿ. ತಗಂಡು ಹೋಗು" ಎಂದ.

"ಅದು ಕೋವಿದು. ಕೋವಿ ದೊಡ್ಡಪ್ಪಂದು. ನಂದು ಬೇರೆ ಹಾಕಿ."

ಅಲ್ಲಿಯವರೆಗೆ ಕೆಸರಿನ ಚಡ್ಡಿಯಲ್ಲಿ ಬೀಡಿ ಸೇದುತ್ತಾ ಸುಮ್ಮನಿದ್ದ ದೊಡ್ಡಪ್ಪ ಬಾಯಿ ಬಿಟ್ಟರು. "ಅವಳು ನನ್ನ ಮಾತು ಕೇಳಿ ಮರ ಹತ್ತಿದ್ರೆ, ನೀವಿವತ್ತು ಹಂದಿ ಹೊರ್ತಿರ್ಲಿಲ್ಲ ಮಲ್ಲಪ್ಪಣ್ಣ, ನನ್ನ ಹೊರ್ತಿದ್ರಿ."

ಮಲ್ಲಪ್ಪಜ್ಜ ಎಲ್ಲ ಎಲೆಗಳಿಂದ ಚೂರುಚೂರು ತೆಗೆದು ಹೊಸ ಎಲೆ ತುಂಬಿದ. ಪಕ್ಕೆಲುಬು, ಒಂದಿಷ್ಟು ಕೊಬ್ಬು. ಅದನ್ನು ಯಾರ ಕೈಗೂ ಕೊಡದೆ ಮನೆಯವರೆಗೆ ನಾನೇ ತಂದು ಅಜ್ಜಿಯ ಮುಂದಿಟ್ಟೆ. "ಇದು ನಂದು" ಎಂದೆ. ಅಜ್ಜಿ ನನ್ನ ಮುಖ ನೋಡಿದರು, ಎಲೆ ನೋಡಿದರು. "ಎಲ್ಲರದ್ರ ಜೊತೆ ಬೇಯಕ್ಕೆ ಹಾಕ್ಲಾ?" ಎಂದು ಕೇಳಿದರು. ಆ ಮನೆಯಲ್ಲಿ ಯಾರಾದರೂ ನನ್ನನ್ನು ಕೇಳಿ ಏನಾದರೂ ಮಾಡಿದ್ದು ಅದೇ ಮೊದಲು.

ಈಗ ಆ ಬೇಟೆ ಇಲ್ಲ, ಕಾನೂನು ನಿಲ್ಲಿಸಿದೆ. ನಿಲ್ಲಿಸಿದ್ದು ಸರಿಯೇ ಇರಬಹುದು, ಆದರೆ ಹೋದೆನಲ್ಲ ಎಂದು ನಾನು ನಾಚಿಕೆಪಡುವವಳಲ್ಲ. ದೊಡ್ಡಪ್ಪ ಹೋದ ಮೇಲೆ ಗಿಡ್ಡ ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿದರು. ಗದ್ದೆಗಳಲ್ಲಿ ಶುಂಠಿ ಬಂತು. ಮಾಂಸ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಯಾರು ಓಡಿದರು, ಯಾರು ನಿಂತರು ಎಂದು ಯಾರೂ ನೆನೆಯುವುದಿಲ್ಲ. ಊರೆಲ್ಲ ಒಂದೇ ಕಡೆ ಕೂತು ಜಗಳವಾಡಿ ಹಂಚಿಕೊಳ್ಳುತ್ತಿದ್ದ ಆ ಅಂಗಳ ನನಗೆ ಮತ್ತೆಲ್ಲೂ ಸಿಗಲಿಲ್ಲ.

ಕುವೈತಿನಲ್ಲಿ ಹಂದಿಯ ಮಾತೇ ಇಲ್ಲ. ಅಳಿಯ ಮೋಹನ ಶುವೈಖ್‌ನಿಂದ ಕೆಲಸ ಮುಗಿಸಿ ಬರುತ್ತಾ ಅಬ್ಬಾಸಿಯಾದ ಅಂಗಡಿಯಿಂದ ಕುರಿಮಾಂಸ ತಂದ. ಕರಿಮೆಣಸು ಹುರಿದು, ಊರಿನಿಂದ ತಂದ ಹುಳಿ ಹಾಕಿ ನಾನೇ ಮಾಡಿದೆ. ಸಂಜೆ ಚಾಪೆ ಹಾಸಿ ಎಲ್ಲರೂ ಕೂತೆವು. ಮಗಳು ಸುಮಾ ಬಾಣಂತಿ, ಅವಳಿಗೆ ಬೆಳ್ಳುಳ್ಳಿ ಅನ್ನ. ಕೂಸು ನನ್ನ ಮಡಿಲಲ್ಲಿ. ಉಣ್ಣುತ್ತಾ ಈ ಕಥೆ ಹೇಳಿದೆ.

ದೊಡ್ಡ ಮೊಮ್ಮಗಳು ತನ್ವಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. "ಅಜ್ಜಿ, ಸೋ ಯು ಶಾಟ್ ಇಟ್?" ಎಂದಳು.

"ಇಲ್ಲ ಕಣೆ. ಹೊಡೆದದ್ದು ದೊಡ್ಡಪ್ಪ."

"ದೆನ್ ಹೌ ಡಿಡ್ ಯು ಗೆಟ್ ಅ ಶೇರ್?"

"ಕೇಳಿದೆ, ಅದಕ್ಕೆ."

ಅವಳು ಅಪ್ಪನ ತಟ್ಟೆಯಲ್ಲಿದ್ದ ನಲ್ಲಿಮೂಳೆ ತೋರಿಸಿ, ಕನ್ನಡದಲ್ಲೇ, "ಅದು ನಂಗೆ ಬೇಕು" ಎಂದಳು.

ಮೋಹನ ನನ್ನ ಕಡೆ ನೋಡಿ, "ಹೇಳಿಕೊಟ್ರಲ್ಲ ಅತ್ತೆ" ಎಂದು ಮೂಳೆಯನ್ನು ಅವಳ ತಟ್ಟೆಗಿಟ್ಟ. ಎರಡನೆಯವಳು ಕೂಡಲೇ "ನಂಗೂ" ಎಂದಳು. ಸುಮಾ ನಗುತ್ತಾ ಪಾತ್ರೆಯನ್ನೇ ನಡುವಿಗೆ ಎಳೆದಳು.