ಠಾಣೆಯ ಮಾಡು ಹತ್ತಿದವ

ಸುಳ್ಯ ಇನ್ನೂ ಪುತ್ತೂರು ತಾಲೂಕಿನಲ್ಲೇ ಇದ್ದ ಕಾಲ. ನಾನು ಸರಕಾರಿ ಕಟ್ಟಡಗಳ ದುರಸ್ತಿ ನೋಡುವ ಓವರ್‌ಸಿಯರ್. ಗುತ್ತಿಗಾರಿನ ಆಚೆಯ ಒಂದು ಪೊಲೀಸ್ ಠಾಣೆಯಿಂದ ಮಾಡು ಸೋರುತ್ತದೆ ಎಂದು ಮೂರು ಕಾಗದ ಬಂದವು. ಮೂರನೆಯದಕ್ಕೆ ಹೋದೆ. ಹೊರಗೆ ಜಡಿಮಳೆ, ಆದರೆ ಮಾಡಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಒಳಗೆ ದಫೇದಾರರ ಕಡತಗಳು ಹೆದರಿಕೆ ಇಲ್ಲದೆ ಮೇಜಿನ ಮೇಲೆ ಹರಡಿಕೊಂಡಿದ್ದವು.

ನಮ್ಮ ಇಲಾಖೆಯವರಲ್ಲದೆ ಬೇರೆ ಯಾರೂ ಹಂಚು ಮುಟ್ಟುವ ಹಾಗಿರಲಿಲ್ಲ. "ಯಾರು ಸರಿ ಮಾಡಿದ್ದು?" ಎಂದು ಕೇಳಿದೆ.

ದಫೇದಾರರು ಲಾಕಪ್ಪಿನ ಕಡೆ ಕೈ ತೋರಿಸಿದರು. "ಹಂಚು ತೆಗೆದು ಮನೆಯೊಳಗೆ ಇಳಿಯುವ ಕಳ್ಳ, ಮಾರಾಯ್ರೆ. ಅವನಷ್ಟು ಗೊತ್ತಿರುವವರು ಇಲ್ಲಿ ಯಾರುಂಟು? ಮೇಲೆ ಹತ್ತಿಸಿದೆ. ಕೆಲಸ ಮುಗಿಸಿ ಅವನೇ ಇಳಿದು ಒಳಗೆ ಹೋಗಿ ಕೂತ."

ಕಳ್ಳ ಸರಳಿನ ಹತ್ತಿರ ಬಂದ. "ಎಷ್ಟೋ ಮಾಡು ಹತ್ತಿದ್ದೇನೆ ಸ್ವಾಮಿ. ಹಂಚಿನ ಅಡಿಗೆ ಇಷ್ಟು ಅಂಕುಡೊಂಕಾಗಿ ರೀಪಿನ ಪಟ್ಟಿ ಹೊಡೆದದ್ದು ಎಲ್ಲಿಯೂ ನೋಡಿಲ್ಲ. ಇದನ್ನು ಪಾಸು ಮಾಡಿದವ ಎಂತ ನೋಡುತ್ತಿದ್ದ?"

ದಫೇದಾರರು ಚಾ ತರಿಸಿದರು. ಪಾಸು ಮಾಡಿದವ, ಅಂದರೆ ನಾನು, ಅದನ್ನು ಕುಡಿದು, 'ಮಾಡು ಸುಸ್ಥಿತಿಯಲ್ಲಿದೆ' ಎಂದು ಮತ್ತೊಮ್ಮೆ ಬರೆದು ಸಹಿ ಹಾಕಿದೆ. ಆ ಸಲ ಅದು ನಿಜವೂ ಆಗಿತ್ತು.