ಮೂರನೆಯ ತಾರೀಖು, ಪ್ಯಾನ್‌ಕೇಕ್ ಮಂಗಳವಾರ

ಈನಿಡ್ ಸಗ್ಡನ್‌ಳ ಬಾಯಿಗೆ ನಮ್ಮ ಇಡೀ ಬೀದಿ ಹೆದರುತ್ತಿತ್ತು. ಹಾಲಿನವನು ಬಾಟಲಿಗಳನ್ನು ಮೆಟ್ಟಿಲ ಮೇಲೆ ಸದ್ದು ಮಾಡಿ ಇಟ್ಟರೆ ಸಾಕು, ಕಿಟಕಿ ತೆರೆದು ಅವನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದಳು. ಊರ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ ಅವಳದು. ಕೋಸು ಬೇಡವೆಂದು ಮೂಗು ಮುರಿದವರ ತಟ್ಟೆಗೆ ಇನ್ನೊಂದು ಸೌಟು ಕೋಸು ಬೀಳುತ್ತಿತ್ತು. ಮನೆಯಲ್ಲಿ ಏನೂ ತಿನ್ನದೆ ಬಂದ ಮಗುವನ್ನು ಮುಖ ನೋಡಿಯೇ ಗುರುತಿಸಿ, ಯಾರಿಗೂ ಕಾಣದ ಹಾಗೆ ಎರಡನೆಯ ಪುಡಿಂಗ್ ಹಾಕುತ್ತಿದ್ದವಳೂ ಅವಳೇ.

ನಾನು ಮದುವೆಯಾಗಿ ಯಾರ್ಕ್‌ಷೈರಿನ ಈ ಉಣ್ಣೆ ಗಿರಣಿಯ ಊರಿಗೆ ಬಂದಾಗ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮೊದಲ ಚಳಿಗಾಲದಲ್ಲಿ ನನ್ನ ತೆಳು ಕೋಟನ್ನು ನೋಡಿ, ತನ್ನ ಹಳೆಯ ಉಣ್ಣೆ ಕೋಟನ್ನು ಹಿತ್ತಲ ಗೋಡೆಯ ಮೇಲಿಂದ ನನ್ನತ್ತ ಎಸೆದಳು.

"ಹಾಕ್ಕೋ ಚಿನ್ನ. ನೀನು ಸತ್ತರೆ ಹೂವಿನ ಖರ್ಚು ನಮ್ಮ ಬೀದಿಯವರದ್ದೇ ತಾನೇ?"

ಅವಳ ಪ್ರೀತಿಯ ರೀತಿಯೇ ಹಾಗೆ. ಗಂಡ ವಾಲ್ಟರ್ ಬಸ್ ಡ್ರೈವರ್. ಮಾತು ಅಂದರೆ ಬಿಟ್ಟಿ ಬರುವುದಿಲ್ಲ ಎಂಬಂತೆ ಅಳೆದು ಆಡುವವನು. ಮಗಳು ಜಿಲಿಯನ್, ಅವಳಿಗಿಂತ ಚಿಕ್ಕವನು ಕಾಲಿನ್. ಕಾಲಿನ್‌ಗೆ ಹತ್ತೊಂಬತ್ತು, ಗಿರಣಿಯಲ್ಲಿ ಬಣ್ಣ ಹಾಕುವ ವಿಭಾಗದಲ್ಲಿ ಕೆಲಸ. ಅವನ ಉಗುರುಗಳು ಒಂದು ವಾರ ನೀಲಿ, ಒಂದು ವಾರ ಕೆಂಪು. ನಗುವಾಗ ಅಮ್ಮನ ಹಾಗೆಯೇ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ.

ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ದಿನ, ಪ್ಯಾನ್‌ಕೇಕ್ ಮಂಗಳವಾರ ಬಂತೆಂದರೆ ಆ ಮನೆಯಲ್ಲಿ ಈನಿಡ್‌ಳದೇ ದರ್ಬಾರು. ಮೈದಾ, ಮೊಟ್ಟೆ, ಹಾಲು ಕಲಸಿ ನೀರಾಗಿ ಮಾಡಿದ ಹಿಟ್ಟನ್ನು ಒಂದು ಗಂಟೆ ಮುಚ್ಚಿಡುತ್ತಿದ್ದಳು. ಹಿಡಿಯಿದ್ದ ಕಬ್ಬಿಣದ ಕಾವಲಿಗೆ ಹಂದಿ ಕೊಬ್ಬು ಸವರಿ, ಹೊಗೆಯೇಳುವವರೆಗೆ ಕಾಯಿಸಿ, ಒಂದು ಸೌಟು ಸುರಿದು ಕಾವಲಿಯನ್ನೇ ತಿರುಗಿಸಿದರೆ ಹಿಟ್ಟು ಅಂಚಿನವರೆಗೆ ತೆಳ್ಳಗೆ ಹರಡುತ್ತಿತ್ತು. ನಮ್ಮ ಕಡೆಯ ನೀರುದೋಸೆಯಷ್ಟೇ ತೆಳು, ಆದರೆ ಇದನ್ನು ಗಾಳಿಗೆ ಹಾರಿಸಿ ಮಗುಚಬೇಕು. ಮೊದಲನೆಯದು ಯಾವಾಗಲೂ ಹರಿದು ಹಾಳಾಗುತ್ತಿತ್ತು, ಅದು ನಾಯಿಗೆ. ಆಮೇಲೆ ಸರದಿ ಶುರು. ಕಿರಿಯವರಿಂದ ಹಿರಿಯವರಿಗೆ, ಒಬ್ಬರಿಗೆ ಒಂದರಂತೆ, ಕಾವಲಿಯಿಂದ ನೇರ ತಟ್ಟೆಗೆ. ಎಲ್ಲವನ್ನೂ ಮಾಡಿ ಒಂದರ ಮೇಲೊಂದು ಪೇರಿಸಿ, ಆಮೇಲೆ ಎಲ್ಲರೂ ಕೂತು ತಿನ್ನುವುದು ಸೋಮಾರಿಗಳ ಪದ್ಧತಿಯಂತೆ. ಸರದಿ ಬಂದಾಗ ಕುರ್ಚಿಯಲ್ಲಿ ಇಲ್ಲದವನದ್ದು ಪಕ್ಕದವನ ಪಾಲು. ಕಾವಲಿ ಯಾರಿಗೂ ಕಾಯುವುದಿಲ್ಲ ಎಂಬುದು ಆ ಮನೆಯ ಕಾನೂನು.

ಮೇಲೆ ಹಾಕಿಕೊಳ್ಳುವುದರಲ್ಲಿ ಮಾತ್ರ ಒಬ್ಬರ ತಂಟೆಗೆ ಒಬ್ಬರು ಹೋಗುತ್ತಿರಲಿಲ್ಲ. ವಾಲ್ಟರ್‌ಗೆ ನಿಂಬೆರಸ, ಸಕ್ಕರೆ. ಬೇರೆ ಏನು ಹಾಕಿದರೂ ಅದು ಫ್ರಾನ್ಸಿನವರ ತಿಂಡಿ ಎಂದು ಮುಖ ತಿರುಗಿಸುತ್ತಿದ್ದ. ಜಿಲಿಯನ್‌ಗೆ ಕಪ್ಪು ದ್ರಾಕ್ಷಿ ಜಾಮ್. ನಿಂಬೆಹಣ್ಣೇ ಸಿಗದ ಯುದ್ಧದ ಕಾಲದಲ್ಲಿ ಬೆಳೆದ ಈನಿಡ್‌ಗೆ ಸಕ್ಕರೆಯ ಮೇಲೆ ಎರಡು ಹನಿ ವಿನೆಗರ್. ಮನೆಯವರೆಲ್ಲ ಅದಕ್ಕೆ ಅವಳನ್ನು ಆಡಿಕೊಳ್ಳುತ್ತಿದ್ದರು. ಕಾಲಿನ್‌ಗೆ ಡಬ್ಬಿಯಲ್ಲಿ ಬರುವ ಹಳದಿ ಸಕ್ಕರೆ ಪಾಕ. ಜೇನಿನಂತೆ ಹರಿಯುವ ಆ ಪಾಕವನ್ನು ಅವನು ತಟ್ಟೆಯ ಅಂಚು ದಾಟಿ ಮೇಜಿನ ಬಟ್ಟೆಗೆ ತಾಗುವವರೆಗೆ ಸುರಿಯುತ್ತಿದ್ದ.

ಕಾಲಿನ್‌ಗೆ ಹತ್ತೊಂಬತ್ತಾಗಿದ್ದ ಆ ವರ್ಷ ಈ ಮಂಗಳವಾರ ಬಿದ್ದದ್ದು ಮಾರ್ಚ್ ಮೂರಕ್ಕೆ. ಬೆಳಿಗ್ಗೆ ಕೆಲಸಕ್ಕೆ ಹೊರಟ ಮಗನಿಗೆ ಈನಿಡ್ ಬಾಗಿಲಲ್ಲಿ ನಿಂತು, ಆರು ಗಂಟೆಗೆ ಕುರ್ಚಿಯಲ್ಲಿ ಇರದಿದ್ದರೆ ನಿನ್ನ ಸರದಿ ಹೋಯಿತು ಎಂದು ಕೂಗಿ ಹೇಳಿದ್ದು ನನಗೂ ಕೇಳಿಸಿತ್ತು. ಪ್ರತಿವರ್ಷ ಹೇಳುವ ಮಾತು, ನಗುತ್ತಲೇ ಹೇಳಿದ್ದಳು. ಸಂಜೆ ಗಿರಣಿಯಲ್ಲಿ ಅವನಿಗೆ ಸ್ವಲ್ಪ ತಡವಾಯಿತು. ಮೋಟಾರ್ ಸೈಕಲ್ಲನ್ನು ಜೋರಾಗಿ ಓಡಿಸಿಕೊಂಡು ಬಂದ. ಕಾಲುವೆಯ ಸೇತುವೆಯ ತಿರುವಿನಲ್ಲಿ ರಸ್ತೆ ಒದ್ದೆಯಾಗಿತ್ತು. ಪೊಲೀಸಿನವನು ಬಂದು ಸಗ್ಡನ್ ಮನೆಯ ಬಾಗಿಲು ತಟ್ಟಿದಾಗ ಒಲೆಯ ಮೇಲೆ ಕಾವಲಿ ಇನ್ನೂ ಕಾಯುತ್ತಿತ್ತು. ಆಮೇಲೆ ಗೋಡೆಯಾಚೆಯಿಂದ ಬಂದ ಈನಿಡ್‌ಳ ದನಿಯನ್ನು ನನಗೆ ಮರೆಯುವುದಕ್ಕೆ ಆಗಿಲ್ಲ.

ಮಗ ಸತ್ತ ಮೇಲೆ ಆ ಮನೆಯಲ್ಲಿ ಯಾರೂ ಯಾರ ಮೇಲೂ ರೇಗಲಿಲ್ಲ. ಅದೇ ಕೆಟ್ಟದ್ದು. ಈನಿಡ್ ಹಾಲಿನವನನ್ನು ಬೈಯುವುದನ್ನೂ ಬಿಟ್ಟಳು. ಪಾಪ, ಅವನೇ ಒಂದು ದಿನ ನನ್ನ ಹತ್ತಿರ ಬಂದು, ಬೇಕೆಂದೇ ಬಾಟಲಿ ಸದ್ದು ಮಾಡಿ ನೋಡಿದೆ, ಕಿಟಕಿ ತೆರೆಯಲಿಲ್ಲ ಎಂದು ಹೇಳಿ ಹೋದ.

ಮರುವರ್ಷ ಗಂಡಹೆಂಡಿರ ನಡುವೆ ಬಿರುಕು ಬಿಟ್ಟಿತು. ಈ ಮಂಗಳವಾರ ಈಸ್ಟರ್ ಹಬ್ಬದ ಲೆಕ್ಕದಲ್ಲಿ ಬರುವಂಥದ್ದು, ಒಂದು ವರ್ಷ ಫೆಬ್ರವರಿಯಲ್ಲಿ, ಇನ್ನೊಂದು ವರ್ಷ ಮಾರ್ಚಿನಲ್ಲಿ. ಆ ಸಲ ಫೆಬ್ರವರಿಯಲ್ಲೇ ಬಂತು. ಈನಿಡ್ ಹಿಟ್ಟು ಕಲಸಿ ಬೀದಿಯ ಮಕ್ಕಳನ್ನೆಲ್ಲ ಕರೆದಳು. ಅವರಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರನ್ನು ಕಾಲಿನ್‌ನ ಕುರ್ಚಿಯಲ್ಲಿ ಕೂರಿಸಿ, ಪಾಕ ಸುರಿದು ಮೊದಲ ಪ್ಯಾನ್‌ಕೇಕ್ ಕೊಟ್ಟಳು. ವಾಲ್ಟರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಹುಡುಗ ಹೋಗಿ ವರ್ಷ ತುಂಬಿಲ್ಲ, ಹಬ್ಬ ಮಾಡ್ತಿದ್ದೀಯಾ?"

"ಅವನು ಹೋಗಿದ್ದು ಪ್ಯಾನ್‌ಕೇಕ್ ದಿನ. ನನಗೆ ಇವತ್ತೇ ಆ ದಿನ."

"ಅವನು ಹೋಗಿದ್ದು ಮೂರನೇ ತಾರೀಖು. ಸಮಾಧಿ ಕಲ್ಲಿನ ಮೇಲೆ ಕೆತ್ತಿಸಿದ್ದೀವಿ."

ವಾಲ್ಟರ್ ಟೋಪಿ ಹಾಕಿಕೊಂಡು ಊರಾಚೆಯ ತನ್ನ ತರಕಾರಿ ತೋಟದ ಶೆಡ್ಡಿಗೆ ಹೋಗಿ ಕೂತ. ಕತ್ತಲಾದ ಮೇಲೆ ಬಂದ. ಮಾರ್ಚ್ ಮೂರು ಬಂದಾಗ ರಜೆ ಹಾಕಿ, ಟೈ ಕಟ್ಟಿಕೊಂಡು ಒಬ್ಬನೇ ಸ್ಮಶಾನಕ್ಕೆ ಹೋದ. ಹೆಂಡತಿಯನ್ನು ಕರೆಯಲಿಲ್ಲ. ಅವಳು ಅವತ್ತು ಶಾಲೆಯಲ್ಲಿ ಎಂದಿನಂತೆ ಆಲೂಗಡ್ಡೆ ಬಡಿಸುತ್ತಿದ್ದಳು. ತಿಥಿಗೂ ತಾರೀಖಿಗೂ ಆಗಿಬರದ ಸಂಕಟ ನಮ್ಮ ಜನರಿಗೆ ಹೊಸದಲ್ಲ, ಆದರೆ ನಮ್ಮಲ್ಲಿ ಪುರೋಹಿತರು ಬಂದು ಒಂದನ್ನು ತೀರ್ಮಾನಿಸುತ್ತಾರೆ. ಇವರಿಗೆ ತೀರ್ಮಾನಿಸುವವರು ಯಾರೂ ಇರಲಿಲ್ಲ. ಒಂದೇ ಮಗನಿಗೆ ಇಬ್ಬರೂ ಬೇರೆ ಬೇರೆ ದಿನ ಅತ್ತರು, ವರ್ಷಾನುವರ್ಷ.

ಬೀದಿಯಲ್ಲಿ ಪಕ್ಷಗಳಾದವು. ಗಂಡಸರು ವಾಲ್ಟರ್ ಮಾಡಿದ್ದೇ ಸರಿ ಎಂದರು. ಹೆಂಗಸರು ಈನಿಡ್ ಕಡೆ. ನನಗಂತೂ ವಾಲ್ಟರ್‌ನನ್ನು ಕಂಡರೆ ಮೈ ಉರಿಯುತ್ತಿತ್ತು. ಬಾಯಿಬಿಟ್ಟು ಒಂದು ಮಾತು ಆಡಿದರೆ ಇವನ ಗಂಟೇನು ಹೋಗುತ್ತದೆ ಅನ್ನಿಸುತ್ತಿತ್ತು. ಈನಿಡ್ ಮಾತ್ರ ಅವನನ್ನು ದೂರುತ್ತಿರಲಿಲ್ಲ. ಒಮ್ಮೆ ಬಟ್ಟೆ ಒಣಗಿಸುವಾಗ, "ವಾಲ್ಟರ್ ನನ್ನ ಮುಖ ನೋಡಿದಾಗಲೆಲ್ಲ ಆ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಕೂಗಿದ್ದು ಅವನಿಗೆ ಕೇಳಿಸುತ್ತೆ, ಅದಕ್ಕೇ ನೋಡಲ್ಲ," ಎಂದು ಹೇಳಿದಳು. ಹಾಗೇನಿಲ್ಲ ಎಂದೆ. ಅವಳು ನಂಬಲಿಲ್ಲ. ನನಗೂ ನಂಬಿಕೆಯಿರಲಿಲ್ಲ.

ಆರನೆಯ ವರ್ಷ ಹೊಸ ಕ್ಯಾಲೆಂಡರ್ ಬಂದಾಗ ಪ್ಯಾನ್‌ಕೇಕ್ ಮಂಗಳವಾರ ಮತ್ತೆ ಮಾರ್ಚ್ ಮೂರಕ್ಕೇ ಬಿದ್ದಿತ್ತು. ಆ ಮನೆಯಲ್ಲಿ ಅದನ್ನು ಇಬ್ಬರೂ ನೋಡಿದರು, ಇಬ್ಬರೂ ಬಾಯಿ ಬಿಡಲಿಲ್ಲ. ಫೆಬ್ರವರಿ ಕೊನೆಗೆ ಈನಿಡ್ ನನ್ನ ಅಡುಗೆಮನೆಗೆ ಬಂದು, ಕೋಟನ್ನೂ ಬಿಚ್ಚದೆ ಕೂತಳು.

"ಅವನ ದಿನವೂ ನನ್ನ ದಿನವೂ ಒಂದೇ ಆಗಿದೆ ಚಿನ್ನ. ಈ ಸಲವೂ ಅವನು ಟೋಪಿ ಹಾಕ್ಕೊಂಡು ಶೆಡ್ಡಿಗೆ ಹೋದ ಅಂದ್ರೆ ನಾನು ವಿಟ್ಬಿ ಊರಲ್ಲಿರೋ ಅಕ್ಕನ ಮನೆಗೆ ಹೊರಟೆ. ಮತ್ತೆ ಬರಲ್ಲ. ಪೆಟ್ಟಿಗೆ ಕಟ್ಟಿಟ್ಟಿದ್ದೀನಿ."

ಮೂವತ್ತು ವರ್ಷದ ಸಂಸಾರ ಎಂದು ನಾನು ಏನೋ ಹೇಳಹೊರಟೆ. ಕೈಯಾಡಿಸಿ ಸುಮ್ಮನಿರಿಸಿದಳು. ಅವತ್ತು ನೀನು ಬಾ, ನನ್ನ ಕೈಕಾಲು ನನ್ನ ಮಾತು ಕೇಳುವ ಹಾಗೆ ಕಾಣುವುದಿಲ್ಲ ಎಂದಳು. ಈನಿಡ್ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿಯೇ ಇರಲಿಲ್ಲ.

ಆ ಮಂಗಳವಾರ ಬೀದಿಯ ಮಕ್ಕಳನ್ನು ಅವಳು ಕರೆಯಲಿಲ್ಲ. ಮದುವೆಯಾಗಿ ಬೇರೆ ಮನೆ ಮಾಡಿದ್ದ ಜಿಲಿಯನ್ ಕೆಲಸ ಮುಗಿಸಿ ನೇರವಾಗಿ ಬಂದಳು. ವಾಲ್ಟರ್ ಬೆಳಿಗ್ಗೆಯೇ ಟೈ ಕಟ್ಟಿಕೊಂಡು ಸ್ಮಶಾನಕ್ಕೆ ಹೋಗಿದ್ದವನು ಇನ್ನೂ ಬಂದಿರಲಿಲ್ಲ. ನಾನು ನಿಂಬೆಹಣ್ಣು ಕುಯ್ಯುತ್ತಿದ್ದೆ. ಅದು ಬೇಕಾದವನು ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಈನಿಡ್ ಒಂದು ಕಣ್ಣು ಕಿಟಕಿಯ ಮೇಲಿಟ್ಟೇ ಹಿಟ್ಟು ಕದಡುತ್ತಿದ್ದಳು. ಮೆಟ್ಟಿಲ ಕೆಳಗೆ ಅವಳ ಕಂದು ಪೆಟ್ಟಿಗೆ ನಿಂತಿತ್ತು, ಜಿಲಿಯನ್ ಅದನ್ನು ನೋಡಿಯೂ ನೋಡದ ಹಾಗೆ ಕೂತಿದ್ದಳು.

ಕೊನೆಗೆ ಹಿಂಬಾಗಿಲು ತೆರೆಯಿತು. ವಾಲ್ಟರ್ ಟೋಪಿ ತೆಗೆಯದೆ ಒಳಗೆ ಬಂದು ಗೋಡೆಗೆ ಒರಗಿ ನಿಂತ. ಈನಿಡ್ ಹಿಟ್ಟು ಸುರಿದು, ಕಾವಲಿ ತಿರುಗಿಸಿ, ಹಾರಿಸಿ ಮಗುಚಿ, ಮಗನ ತಟ್ಟೆಗೆ ಹಾಕಿದಳು. ಪಾಕ ಸುರಿದಳು. ತಿನ್ನುವುದಕ್ಕೆ ಆ ಕುರ್ಚಿಯಲ್ಲಿ ಯಾವ ಮಗುವೂ ಇರಲಿಲ್ಲ. ತಟ್ಟೆ ಸುಮ್ಮನೆ ಹಬೆಯಾಡುತ್ತ ಕೂತಿತು. ವಾಲ್ಟರ್ ಅದನ್ನೇ ನೋಡುತ್ತಿದ್ದ. ಆಮೇಲೆ ಬಾಗಿಲ ಕಡೆ ತಿರುಗಿದ. ಈನಿಡ್ ಸೌಟನ್ನು ಹಿಟ್ಟಿನ ಪಾತ್ರೆಯಲ್ಲಿಟ್ಟಳು.

"ಹೋಗ್ತೀಯಾ?" ಎಂದಳು.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಬೆನ್ನು ತಿರುಗಿಸಿಕೊಂಡೇ ಅವನು ಹೇಳಿದ.

"ಅವತ್ತು ಅವನದ್ದನ್ನ ನಾನು ತಿಂದೆ, ಈನಿಡ್."

"ಗೊತ್ತು. ನಾನೇ ಅಲ್ವಾ ಕೊಟ್ಟಿದ್ದು. ಅವನು ಬರಲಿಲ್ಲ, ನಿನ್ನ ತಟ್ಟೆಗೆ ಹಾಕಿದೆ."

"ನೀನು ಒಲೆ ಕಡೆ ತಿರುಗಿದ್ದೆ, ನೋಡ್ಲಿಲ್ಲ. ನಾನು ನಿಂಬೆ ಹಾಕ್ಕೊಳ್ಳಲಿಲ್ಲ. ಅವನ ಪಾಕಾನೇ ಸುರ್ಕೊಂಡೆ. ಅವನು ಬಂದು ಖಾಲಿ ಡಬ್ಬಿ ನೋಡಿ ಕುಣಿದಾಡಲಿ ಅಂತ, ತಮಾಷೆಗೆ. ಬಾಗಿಲ ಕಡೆ ನೋಡ್ಕೊಂಡು ತಿಂತಿದ್ದೆ. ಈಗ ಬರ್ತಾನೆ, ಈಗ ಬರ್ತಾನೆ ಅಂತ." ಬಾಗಿಲ ಹಿಡಿಯಿಂದ ಕೈ ತೆಗೆದ. "ಅವನು ಅಲ್ಲಿ ಸೇತುವೆ ಹತ್ರ ಬಿದ್ದಿದ್ದ. ನಾನಿಲ್ಲಿ ಬೆರಳು ನೆಕ್ಕೊಂಡು ನಗ್ತಾ ಕೂತಿದ್ದೆ. ಪೊಲೀಸಿನವನು ಬಂದ ಮೇಲೆ ಕೈ ತೊಳೆಯೋದು ನೆನಪಾಗ್ಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ಅವನ ಹಣೆ ಮುಟ್ಟಿದೆ. ನನ್ನ ಬೆರಳು ಅವನ ಕೂದಲಿಗೆ ಅಂಟ್ಕೊಳ್ತು."

ಜಿಲಿಯನ್ ಬಾಯಿಗೆ ಕೈ ಅಡ್ಡ ಹಿಡಿದಳು. ಈನಿಡ್ ಅಲ್ಲಾಡಲಿಲ್ಲ.

"ಆರು ವರ್ಷ ನೀನು ನನ್ನ ಮೇಲೆ ಹೊರಿಸ್ತಿದ್ದೀಯ ಅಂದ್ಕೊಂಡಿದ್ದೆ," ಎಂದಳು. "ಕಾವಲಿ ಕಾಯಲ್ಲ ಅಂತ ಕೂಗಿದವಳು ನಾನು."

"ನಿನ್ನ ಮೇಲಾ?" ವಾಲ್ಟರ್ ಈಗ ತಿರುಗಿದ. ಅವನಿಗೆ ಅದು ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಿನ್ನ ಮೇಲೆ ಯಾಕೆ? ಆ ವಾಸನೆ ಬಂದ್ರೆ ನನಗೆ ಈ ಮನೇಲಿ ಕೂರೋಕೆ ಆಗಲ್ಲ. ನಿನಗೆ ಹೇಳಿದ್ರೆ ನೀನು ಮತ್ತೆ ನನ್ನ ಕೈ ಮುಟ್ಟಿಸಿಕೊಳ್ಳಲ್ಲ ಅಂತ ಭಯ. ಅದಕ್ಕೆ ಹೋಗ್ತಿದ್ದೆ."

ಒಲೆಯ ಮೇಲೆ ಖಾಲಿ ಕಾವಲಿ ಹೊಗೆಯುಗುಳತೊಡಗಿತು. ನಾನೇ ಹೋಗಿ ಗ್ಯಾಸ್ ಆರಿಸಿದೆ. ಅಲ್ಲಿ ನಿಂತಿರುವುದಕ್ಕೆ ನನಗೆ ಹಕ್ಕಿರಲಿಲ್ಲ, ಹೊರಡುವುದಕ್ಕೂ ಕಾಲು ಬರಲಿಲ್ಲ. ಆರು ವರ್ಷ ನಾನು ಕಲ್ಲು ಎಂದುಕೊಂಡಿದ್ದ ಮನುಷ್ಯ ಬಾಯಿ ತೆರೆದುಕೊಂಡು, ಮೂಗು ಸೋರಿಸಿಕೊಂಡು, ಸದ್ದಿಲ್ಲದೆ ಅಳುತ್ತಿದ್ದ. ಎರಡು ಕೈಗಳನ್ನೂ ಮೈಯಿಂದ ದೂರ ಹಿಡಿದುಕೊಂಡಿದ್ದ.

ಈನಿಡ್ ಕೆಟಲಿನಲ್ಲಿದ್ದ ಬೆಚ್ಚಗಿನ ನೀರನ್ನು ಬೋಗುಣಿಗೆ ಬಗ್ಗಿಸಿದಳು. ಒಂದು ಬಟ್ಟೆ ತಂದಳು. ಅವನನ್ನು ಕುರ್ಚಿಗೆ ನೂಕಿ ಕೂರಿಸಿ, ತಾನು ಅವನ ಮುಂದೆ ನೆಲದ ಮೇಲೆ ಮಂಡಿಯೂರಿದಳು. ಅವಳ ಮಂಡಿನೋವಿಗೆ ಅದು ಸುಲಭವಾಗಿರಲಿಲ್ಲ. ಅವನ ಬಲಗೈ ತೆಗೆದುಕೊಂಡು ಬಟ್ಟೆ ಅದ್ದಿ, ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಒರೆಸತೊಡಗಿದಳು. ಸಂದುಗಳಲ್ಲಿ, ಉಗುರಿನ ಅಂಚಿನಲ್ಲಿ, ಸಣ್ಣ ಮಕ್ಕಳಿಗೆ ಊಟವಾದ ಮೇಲೆ ಒರೆಸುವ ಹಾಗೆ. ಆ ಕೈ ಚೊಕ್ಕಟವಾಗಿಯೇ ಇತ್ತು. ಅವಳು ಮಾತ್ರ ನೀರು ಬದಲಾಯಿಸಿ ಮತ್ತೆ ಒರೆಸಿದಳು.

"ಇನ್ನೊಂದು ಕೈ ಕೊಡು," ಎಂದಳು.