ಹಿಂದಕ್ಕೆ ಬೀಸಿದ ಗಾಳ

ಆಗ ನನಗೆ ಅರವತ್ತೆರಡು. ಐದು ವರ್ಷದ ಹಿಂದಿನ ಮಾತು. ಗುತ್ತಲದ ಹತ್ತಿರ ನಮ್ಮೂರ ಹೊಳೆಯ ನಡುವಿನ ಬಂಡೆಯ ಮೇಲೆ ಸೊಸೆ ನೀಲವ್ವ ನಿಂತು ಕೂಗುತ್ತಿದ್ದಳು. ಬಟ್ಟೆ ಒಗೆಯಲು ಹೋದಾಗ ಮೊಣಕಾಲುದ್ದವಿದ್ದ ನೀರು, ಮೇಲೆಲ್ಲೋ ಮಳೆಯಾಗಿ ಏರುತ್ತಲೇ ಇತ್ತು. ದಂಡೆಯಿಂದ ನಾವು ಎಸೆದ ಹಗ್ಗ ಅರ್ಧಕ್ಕೇ ಬೀಳುತ್ತಿತ್ತು.

ರಾಣೆಬೆನ್ನೂರಿನಿಂದ ಮೀನು ಹಿಡಿಯಲು ಬಂದಿದ್ದ ಒಬ್ಬ ತನ್ನ ಉದ್ದನೆಯ ಗಾಳದ ಕೋಲು ಹಿಡಿದು ಓಡಿಬಂದ. ಕೊಕ್ಕೆ ಕತ್ತರಿಸಿ ತೆಗೆದು, ದಪ್ಪ ದಾರವನ್ನು ಬೀಸಿದ. ಬೀಸಿದ್ದು ಹಿಂದಕ್ಕೆ! ನನ್ನ ತಲೆಗೇ ಸುತ್ತಿಕೊಂಡಿತು. ಬಂಡೆಯ ಮೇಲೆ ನೀರು ಹತ್ತಿ ನೀಲವ್ವನ ಪಾದಗಳು ಮುಳುಗಿದವು.

“ಹುಡುಗಿ ಮುಂದ ಸಾಯಾಕತ್ತಾಳ, ನೀ ಹಿಂದಕ್ಕ ಯಾಕ ಬೀಸ್ತೀಯೋ?” ಎಂದು ಬೈದೆ.

“ಹಿಂದ ಪೂರಾ ಚಾಚಿದ್ರನ ಮುಂದ ದೂರ ಹೋಗತೈತ್ರಿ, ಯವ್ವಾ. ಮೊದ್ಲ ನೀವು ನನ್ನ ಬೆನ್ನ ಹಿಂದಿಂದ ಸರೀರಿ!”

ಸರಿದೆ. ಅವನು ಮತ್ತೆ ಹಿಂದಕ್ಕೆ ಬೀಸಿ, ದಾರ ನೆಟ್ಟಗಾಗುವವರೆಗೆ ಸುಮ್ಮನೆ ಕಾದ. ನನಗೆ ಜೀವ ಹೋದಂತಾಯಿತು. ಆಮೇಲೆ ಮುಂದಕ್ಕೆ ಬೀಸಿದಾಗ ದಾರ ನೀರಿನ ಮೇಲೆ ಹಾರಿ ಸೀದಾ ಬಂಡೆಗೆ ಹೋಗಿ ಬಿತ್ತು. ದಾರವನ್ನು ಕೋಲಿನಿಂದ ಬಿಡಿಸಿ, ಅದರ ಈ ತುದಿಗೆ ನಮ್ಮ ಹಗ್ಗ ಕಟ್ಟಿದೆವು. ನೀಲವ್ವ ದಾರ ಹಿಡಿದು ಹಗ್ಗವನ್ನು ಎಳೆದುಕೊಂಡು ಸೊಂಟಕ್ಕೆ ಬಿಗಿದಳು. ಎಲ್ಲರೂ ಸೇರಿ ಜಗ್ಗಿದೆವು.

ದಂಡೆಗೆ ಬಂದವಳು ಕೆಮ್ಮುತ್ತಲೇ, “ಅತ್ತೀ, ನಿಮ್ಮ ಇಳಕಲ್ ಸೀರಿ ಹೊಳೀಪಾಲಾತ್ರಿ” ಎಂದಳು.

“ಸುಡ್ಲಿ ಆ ಸೀರಿ. ಮೊದ್ಲ ಉಸರು ಬಿಡು.”

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಮನೆಯವರ ಬಟ್ಟೆಯನ್ನೆಲ್ಲ ಗಂಟು ಕಟ್ಟಿ, ಬಾವಿಗೆ ಹೊತ್ತುಕೊಂಡು ಹೋಗಿ ನಾನೇ ಒಗೆದು ಬಂದೆ.